ಶಾಲೆಯ ದಾರಿ: ಮಕ್ಕಳು ಮತ್ತೆ ನಡೆದು ಹೋಗುವಂತೆ ಮಾಡುವುದು ಹೇಗೆ?

ಬೆಂಗಳೂರು: ಬೆಳಗಿನ ಎಂಟು ಗಂಟೆ. ನಗರದ ಯಾವುದೇ ದೊಡ್ಡ ಶಾಲೆಯ ಮುಂದೆ ಕಾಣುವ ದೃಶ್ಯ ಒಂದೇ. ಗೇಟಿನ ಎದುರು ಎರಡು ಸಾಲಿನಲ್ಲಿ ನಿಂತ ಕಾರುಗಳು, ಅವುಗಳ ನಡುವೆ ನುಸುಳುವ ಸ್ಕೂಟರ್‌ಗಳು, ಹೊರಗೆ ಬ್ಯಾಗುಗಳನ್ನು ನೇತುಹಾಕಿಕೊಂಡ ಆಟೋಗಳು, ಹಿಂದೆ ಹಾರನ್ ಬಾರಿಸುತ್ತಿರುವ ಶಾಲಾ ಬಸ್. ಇವೆಲ್ಲದರ ಸಂದಿಯಲ್ಲಿ ಅಮ್ಮನ ಕೈ ಹಿಡಿದು ರಸ್ತೆ ದಾಟಲು ಕಾಯುತ್ತಿರುವ ಪುಟ್ಟ ಮಗು. ಅರ್ಧ ಗಂಟೆಯ ನಂತರ ಅದೇ ರಸ್ತೆ ಖಾಲಿ. ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಮತ್ತದೇ ಜಾತ್ರೆ.

ಬೇಸಿಗೆ ರಜೆ ಮುಗಿದು ಶಾಲೆಗಳು ಆರಂಭವಾದ ವಾರದಲ್ಲಿ ರಸ್ತೆಗಳು ಒಮ್ಮೆಲೇ ಕಿಕ್ಕಿರಿಯುವುದನ್ನು ನಗರವಾಸಿಗಳೆಲ್ಲರೂ ಬಲ್ಲರು. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿರುವ ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿಗಳಲ್ಲೂ ಶಾಲಾ ವೇಳೆಯ ದಟ್ಟಣೆ ಈಗ ನಿತ್ಯದ ತಲೆನೋವು. ಮಕ್ಕಳನ್ನು ಶಾಲೆಗೆ ತಲುಪಿಸುವುದು ಪ್ರತಿ ಕುಟುಂಬದ ಖಾಸಗಿ ವಿಷಯವೆಂದು ಇದುವರೆಗೆ ಭಾವಿಸಲಾಗಿತ್ತು. ಆದರೆ ಇದು ಊರಿನ ಗಾಳಿ, ರಸ್ತೆ, ಮಕ್ಕಳ ಆರೋಗ್ಯ ಹಾಗೂ ಜೀವಕ್ಕೆ ಸಂಬಂಧಿಸಿದ ಸಾರ್ವಜನಿಕ ಪ್ರಶ್ನೆಯೆಂಬ ಅರಿವು ಜಗತ್ತಿನ ಅನೇಕ ನಗರಗಳಲ್ಲಿ ಮೂಡಿದೆ. ನಡಿಗೆ, ಸೈಕಲ್, ಬಸ್ ಅಥವಾ ಹಂಚಿಕೊಂಡ ವಾಹನ, ಈ ನಾಲ್ಕರಲ್ಲಿ ಒಂದರ ಮೂಲಕ ಮಕ್ಕಳು ಶಾಲೆ ತಲುಪುವಂತೆ ಮಾಡುವುದನ್ನೇ ಸುಸ್ಥಿರ ಶಾಲಾ ಸಂಚಾರ ಎನ್ನಲಾಗುತ್ತದೆ.

ನಡೆಯುವವರು, ಕುಳಿತು ಬರುವವರು

ಈ ವಿಷಯದಲ್ಲಿ ಮೊದಲು ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ರಾಜ್ಯದಲ್ಲಿ ಶಾಲೆಗೆ ನಡೆದು ಹೋಗುವುದು ಮರೆತುಹೋದ ಅಭ್ಯಾಸವೇನಲ್ಲ. ಸರ್ಕಾರಿ ಶಾಲೆಗಳ ಹಾಗೂ ಬಡಾವಣೆಯ ಸಣ್ಣ ಅನುದಾನಿತ ಶಾಲೆಗಳ ಅಸಂಖ್ಯ ಮಕ್ಕಳು ಇಂದಿಗೂ ಕಾಲ್ನಡಿಗೆಯಲ್ಲೇ ಬರುತ್ತಾರೆ. ಅದು ಅವರು ಪರಿಸರ ಪ್ರೀತಿಯಿಂದ ಆರಿಸಿಕೊಂಡ ಮಾರ್ಗವಲ್ಲ. ಮನೆಯಲ್ಲಿ ಬೇರೆ ವಾಹನವಿಲ್ಲದ ಕಾರಣ ನಡೆಯುತ್ತಾರೆ. ಈ ಮಕ್ಕಳಿಗೆ ನಡೆಯಿರಿ ಎಂಬ ಉಪದೇಶ ಬೇಕಿಲ್ಲ. ಬೇಕಿರುವುದು ನಡೆಯಲು ಯೋಗ್ಯವಾದ ದಾರಿ.

ಇನ್ನೊಂದೆಡೆ, ಮನೆಯಿಂದ ಒಂದೆರಡು ಕಿಲೋಮೀಟರ್ ದೂರದ ಶಾಲೆಗೂ ಕಾರಿನಲ್ಲಿ ಬಂದಿಳಿಯುವ ಮಕ್ಕಳಿದ್ದಾರೆ. ನಡೆಯುವ ಮಗುವಿನ ದಾರಿಯನ್ನು ಅಪಾಯಕ್ಕೆ ಒಡ್ಡುವುದರಲ್ಲಿ ಈ ಕಾರುಗಳ ಪಾಲೂ ಇದೆ. ಸುಸ್ಥಿರ ಸಂಚಾರದ ಯೋಜನೆ ನಿಜವಾಗಿ ಯಶಸ್ವಿಯಾಗಬೇಕಾದರೆ ಎರಡನೆಯ ಗುಂಪಿನ ಮಕ್ಕಳನ್ನು ವಾಹನದಿಂದ ಇಳಿಸಬೇಕು, ಮೊದಲನೆಯ ಗುಂಪಿನ ಮಕ್ಕಳಿಗೆ ಸುರಕ್ಷಿತ ರಸ್ತೆ ಒದಗಿಸಬೇಕು. ಒಂದನ್ನು ಬಿಟ್ಟು ಮತ್ತೊಂದು ಸಾಧ್ಯವಿಲ್ಲ.

ದೂರವೂ ಒಂದು ಕಾರಣ. ಕೊಠಾರಿ ಆಯೋಗವು 1966ರ ತನ್ನ ವರದಿಯಲ್ಲಿ ನೆರೆಹೊರೆ ಶಾಲೆಯ ಪರಿಕಲ್ಪನೆಯನ್ನು ಎತ್ತಿಹಿಡಿದಿತ್ತು. ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ ಸರ್ಕಾರ 2010ರಲ್ಲಿ ರೂಪಿಸಿದ ನಿಯಮಗಳು ಒಂದರಿಂದ ಐದನೇ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರ್ ನಡಿಗೆಯ ಅಂತರದಲ್ಲೂ, ಆರರಿಂದ ಎಂಟನೇ ತರಗತಿಯವರೆಗಿನದು ಮೂರು ಕಿಲೋಮೀಟರ್ ಅಂತರದಲ್ಲೂ ಇರಬೇಕೆಂದು ಹೇಳಿವೆ. ಅಂದರೆ ಪುಟ್ಟ ಮಗು ಶಾಲೆಗೆ ನಡೆದೇ ಬರುತ್ತದೆಂದು ಕಾನೂನೇ ಭಾವಿಸಿದೆ. ಆದರೆ ಒಳ್ಳೆಯ ಶಾಲೆಯ ಹುಡುಕಾಟದಲ್ಲಿ ಪೋಷಕರು ಹತ್ತಾರು ಕಿಲೋಮೀಟರ್ ದೂರದ ಸಂಸ್ಥೆಯನ್ನು ಆರಿಸಿಕೊಳ್ಳುವುದು ಸಾಮಾನ್ಯವಾಗಿದೆ. ಪ್ರವೇಶದ ದಿನ ತೆಗೆದುಕೊಂಡ ಆ ಒಂದು ನಿರ್ಧಾರವೇ ಮುಂದಿನ ಹತ್ತು ವರ್ಷಗಳ ಪ್ರಯಾಣವನ್ನು ನಿರ್ಧರಿಸಿಬಿಡುತ್ತದೆ.

ಒಂದು ಸಣ್ಣ ಲೆಕ್ಕ

ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಬಿಟ್ಟು ಮನೆಗೆ ಮರಳಲು ಆರು, ಮಧ್ಯಾಹ್ನ ಕರೆತರಲು ಮತ್ತೆ ಆರು, ಒಟ್ಟು ದಿನಕ್ಕೆ 12 ಕಿಲೋಮೀಟರ್. ಶಿಕ್ಷಣ ಹಕ್ಕು ಕಾಯ್ದೆ ಹಿರಿಯ ಪ್ರಾಥಮಿಕ ತರಗತಿಗಳಿಗೆ ನಿಗದಿಪಡಿಸಿರುವ ಶಾಲಾ ದಿನಗಳು ವರ್ಷಕ್ಕೆ 220. ಆ ಪ್ರಕಾರ ವರ್ಷಕ್ಕೆ ಓಡುವ ದೂರ 2,640 ಕಿಲೋಮೀಟರ್. ನಗರದ ದಟ್ಟಣೆಯಲ್ಲಿ ಲೀಟರ್‌ಗೆ 12 ಕಿಲೋಮೀಟರ್ ಕೊಡುವ ಕಾರಿಗೆ ಇದಕ್ಕಾಗಿ 220 ಲೀಟರ್ ಪೆಟ್ರೋಲ್ ಬೇಕು. ಲೀಟರ್‌ಗೆ ನೂರು ರೂಪಾಯಿ ಎಂದು ಹಿಡಿದರೂ ಖರ್ಚು 22 ಸಾವಿರ ರೂಪಾಯಿ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಒಂದು ಮಗುವಿನ ಶಾಲಾ ಪ್ರಯಾಣದಿಂದ ವರ್ಷಕ್ಕೆ ಐದು ಕ್ವಿಂಟಲ್‌ಗೂ ಹೆಚ್ಚು. ಲೀಟರ್‌ಗೆ 44 ಕಿಲೋಮೀಟರ್ ಓಡುವ ಸ್ಕೂಟರ್ ಆದರೆ 60 ಲೀಟರ್, ಆರು ಸಾವಿರ ರೂಪಾಯಿ, ಸುಮಾರು 138 ಕಿಲೋ.

ಜಾಗದ ಲೆಕ್ಕವೂ ಇಷ್ಟೇ ಸರಳ. ಒಂದು ಕಾರು ನಿಲ್ಲಲು, ಮುಂದಿನ ವಾಹನದೊಂದಿಗಿನ ಅಂತರವೂ ಸೇರಿ, ಸುಮಾರು ಆರು ಮೀಟರ್ ಬೇಕು. ನಲವತ್ತು ಮಕ್ಕಳು ನಲವತ್ತು ಕಾರುಗಳಲ್ಲಿ ಬಂದರೆ 240 ಮೀಟರ್ ಉದ್ದದ ಸಾಲು. ಅದೇ ನಲವತ್ತು ಮಕ್ಕಳು ಒಂದೇ ಬಸ್ಸಿನಲ್ಲಿ ಬಂದರೆ ಹತ್ತು ಹನ್ನೆರಡು ಮೀಟರ್ ಸಾಕು. ಶಾಲೆಯ ಮುಂದಿನ ದಟ್ಟಣೆಗೆ ರಸ್ತೆ ಕಿರಿದಾಗಿರುವುದಷ್ಟೇ ಕಾರಣವಲ್ಲವೆಂಬುದನ್ನು ಈ ಲೆಕ್ಕ ತೋರಿಸುತ್ತದೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಪೆಟ್ರೋಲ್ ಕಾರಿನ ಬದಲು ವಿದ್ಯುತ್ ಕಾರು ಬಂದರೆ ಗೇಟಿನ ಬಳಿಯ ಹೊಗೆ ಕಡಿಮೆಯಾಗುತ್ತದೆ, ಆದರೆ 240 ಮೀಟರ್ ಸಾಲು ಹಾಗೆಯೇ ಉಳಿಯುತ್ತದೆ.

ದೇಹಕ್ಕೂ ಓದಿಗೂ ಲಾಭ

ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ 2016ರ ಮಾಹಿತಿಯನ್ನು ಆಧರಿಸಿ ಅದೇ ಸಂಸ್ಥೆ ಮಾಡಿದ ಅಂದಾಜಿನಂತೆ ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ಶೇ 81ರಷ್ಟು ಮಂದಿಗೆ ಅಷ್ಟು ಚಟುವಟಿಕೆ ದೊರೆಯುತ್ತಿಲ್ಲ. ಟ್ಯೂಷನ್, ಮನೆಗೆಲಸ, ಮೊಬೈಲ್‌ಗಳ ನಡುವೆ ಆಟಕ್ಕೆ ಸಮಯವೇ ಇಲ್ಲದ ಮಗುವಿಗೆ ಶಾಲೆಗೆ ಹದಿನೈದು ನಿಮಿಷ, ಮನೆಗೆ ಹದಿನೈದು ನಿಮಿಷದ ನಡಿಗೆಯೇ ಅಗತ್ಯದ ಅರ್ಧವನ್ನು ಪೂರೈಸುತ್ತದೆ. ಅದಕ್ಕೆ ಶುಲ್ಕವಿಲ್ಲ, ಪ್ರತ್ಯೇಕ ಸಮಯವೂ ಬೇಕಿಲ್ಲ.

ನಡಿಗೆಯ ಪ್ರಭಾವ ತರಗತಿಯಲ್ಲೂ ಕಾಣುತ್ತದೆ. ಡೆನ್ಮಾರ್ಕ್‌ನಲ್ಲಿ ಸುಮಾರು 20 ಸಾವಿರ ಮಕ್ಕಳನ್ನು ಒಳಗೊಂಡು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಡೆದು ಅಥವಾ ಸೈಕಲ್ ತುಳಿದು ಶಾಲೆಗೆ ಬಂದ ಮಕ್ಕಳ ಏಕಾಗ್ರತೆ ವಾಹನದಲ್ಲಿ ಬಂದವರಿಗಿಂತ ಉತ್ತಮವಾಗಿರುವುದು ಕಂಡುಬಂತು. ಸ್ಪೇನಿನ ಬಾರ್ಸಿಲೋನಾದ 39 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ವಾಹನಗಳ ಹೊಗೆ ಹೆಚ್ಚಿರುವ ಶಾಲೆಗಳ ಮಕ್ಕಳಲ್ಲಿ ಸ್ಮರಣಶಕ್ತಿಯ ಬೆಳವಣಿಗೆ ನಿಧಾನವಾಗಿರುವುದನ್ನು ಗುರುತಿಸಿತು. ಮಗುವನ್ನು ಬೇಗ ತಲುಪಿಸಲೆಂದು ಗೇಟಿನ ಮುಂದೆ ಎಂಜಿನ್ ಚಾಲೂ ಇಟ್ಟುಕೊಂಡು ಕಾಯುವ ಪೋಷಕರು ಅದೇ ಮಗು ಉಸಿರಾಡುವ ಗಾಳಿಯನ್ನು ಕೆಡಿಸುತ್ತಿರುತ್ತಾರೆ.

ಹೆದರಿಕೆಯ ವಿಷವರ್ತುಲ

ಹಾಗಾದರೆ ಪೋಷಕರು ಮಕ್ಕಳನ್ನು ನಡೆಯಲು ಏಕೆ ಬಿಡುವುದಿಲ್ಲ? ಬಹುತೇಕರ ಉತ್ತರ ಒಂದೇ: ಭಯ. ಈ ಭಯ ನಿರಾಧಾರವಲ್ಲ. ಐದರಿಂದ 29 ವರ್ಷದವರ ಸಾವಿಗೆ ರಸ್ತೆ ಅಪಘಾತಗಳೇ ಜಗತ್ತಿನಲ್ಲಿ ಮೊದಲ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ ಸುಮಾರು ಐವರಲ್ಲಿ ಒಬ್ಬರು ಪಾದಚಾರಿಗಳು. ಹದಿನೆಂಟು ವರ್ಷದೊಳಗಿನವರ ಸಂಖ್ಯೆ ಒಂಬತ್ತು ಸಾವಿರಕ್ಕೂ ಅಧಿಕ.

ಗ್ರಾಮೀಣ ಪ್ರದೇಶದ ಅಪಾಯ ಬೇರೆ ಬಗೆಯದು. ಮಲೆನಾಡು ಮತ್ತು ಕರಾವಳಿಯ ಮಕ್ಕಳು ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕಗಳನ್ನೇ ನೆಚ್ಚಿಕೊಂಡಿದ್ದಾರೆ. ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ 2022ರ ಆಗಸ್ಟ್‌ನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕ ದಾಟುವಾಗ ಹಳ್ಳಕ್ಕೆ ಬಿದ್ದು ಪ್ರಾಣ ಕಳೆದುಕೊಂಡಳು. ನಡಿಗೆಯನ್ನು ಪ್ರೋತ್ಸಾಹಿಸುವ ಮಾತು ಆಡುವಾಗ ಇಂತಹ ದಾರಿಗಳನ್ನೂ ನೆನಪಿಡಬೇಕಾಗುತ್ತದೆ.

ನಗರದಲ್ಲಿ ಈ ಭಯವೇ ಇನ್ನಷ್ಟು ಅಪಾಯವನ್ನು ಹುಟ್ಟಿಸುತ್ತದೆ. ರಸ್ತೆಯಲ್ಲಿ ವಾಹನಗಳು ಹೆಚ್ಚಿವೆಯೆಂದು ಒಬ್ಬ ಪೋಷಕ ಮಗುವನ್ನು ಕಾರಿನಲ್ಲಿ ಕರೆತರುತ್ತಾನೆ. ಅದರಿಂದ ರಸ್ತೆಯಲ್ಲಿ ಮತ್ತೊಂದು ವಾಹನ ಹೆಚ್ಚುತ್ತದೆ. ಅದನ್ನು ಕಂಡ ಇನ್ನೊಬ್ಬ ಪೋಷಕ ನಡಿಗೆ ಬಿಡಿಸಿ ಸ್ಕೂಟರ್ ಹತ್ತಿಸುತ್ತಾನೆ. ನಡೆಯುವ ಮಕ್ಕಳು ಕಡಿಮೆಯಾದಂತೆ ರಸ್ತೆಯಲ್ಲಿ ಮಕ್ಕಳಿರಬಹುದೆಂಬ ಎಚ್ಚರವೂ ಚಾಲಕರಲ್ಲಿ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ 1969ರಲ್ಲಿ ಎಂಟನೇ ತರಗತಿಯವರೆಗಿನ ಮಕ್ಕಳಲ್ಲಿ ಶೇ 48ರಷ್ಟು ಮಂದಿ ನಡೆದು ಅಥವಾ ಸೈಕಲ್‌ನಲ್ಲಿ ಶಾಲೆಗೆ ಹೋಗುತ್ತಿದ್ದರು. 2009ರ ವೇಳೆಗೆ ಆ ಪ್ರಮಾಣ ಶೇ 13ಕ್ಕೆ ಕುಸಿದಿತ್ತು. ನಲವತ್ತು ವರ್ಷಗಳಲ್ಲಿ ಒಂದು ಅಭ್ಯಾಸ ಹೇಗೆ ಅಳಿಯುತ್ತದೆಂಬುದಕ್ಕೆ ಇದು ನಿದರ್ಶನ.

ಹೆಣ್ಣುಮಕ್ಕಳಿಗೆ ದಾರಿಯಲ್ಲಿ ಎದುರಾಗುವ ಕಿರುಕುಳ, ಬೀದಿನಾಯಿಗಳ ಕಾಟ, ಮುಚ್ಚಳವಿಲ್ಲದ ಚರಂಡಿ, ತಗ್ಗಿನಲ್ಲಿ ನೇತಾಡುವ ತಂತಿ, ಇವೂ ಪೋಷಕರ ಪಟ್ಟಿಯಲ್ಲಿವೆ. ಇವುಗಳಿಗೆ ಉತ್ತರ ಕೊಡದೆ ಕೇವಲ ಪರಿಸರದ ಹೆಸರು ಹೇಳಿದರೆ ಯಾವ ತಾಯಿಯೂ ಮಗುವನ್ನು ಬೀದಿಗೆ ಕಳುಹಿಸಲಾರಳು.

ಹೊರದೇಶಗಳ ಪಾಠ

ಸೈಕಲ್ ನಾಡೆಂದು ಹೆಸರಾದ ನೆದರ್‌ಲ್ಯಾಂಡ್ಸ್ ಹುಟ್ಟಿನಿಂದಲೇ ಹಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳು ಸತ್ತಿದ್ದರು. ತಮ್ಮ ಮಗಳನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡ ಪತ್ರಕರ್ತರೊಬ್ಬರು 1972ರಲ್ಲಿ ಬರೆದ ಲೇಖನ ಜನಾಂದೋಲನಕ್ಕೆ ಕಿಡಿ ಹಚ್ಚಿತು. ಮಕ್ಕಳ ಕೊಲೆ ನಿಲ್ಲಿಸಿ ಎಂಬುದೇ ಆ ಆಂದೋಲನದ ಹೆಸರಾಗಿತ್ತು. ಮರುವರ್ಷವೇ ಎದುರಾದ ತೈಲ ಬಿಕ್ಕಟ್ಟು ಅದಕ್ಕೆ ಬಲ ತುಂಬಿತು. ಬಳಿಕ ಪ್ರತ್ಯೇಕ ಸೈಕಲ್ ಪಥಗಳು, ನಿಧಾನಗತಿಯ ವಸತಿ ಬೀದಿಗಳು ಬಂದವು. ಇಂದು ಅಲ್ಲಿನ ಪ್ರಾಥಮಿಕ ಶಾಲೆಗಳ ಹಿರಿಯ ತರಗತಿಗಳ ಮಕ್ಕಳು ರಸ್ತೆಯಲ್ಲೇ ಸೈಕಲ್ ಪರೀಕ್ಷೆಗೆ ಕುಳಿತು ಉತ್ತೀರ್ಣರಾಗುತ್ತಾರೆ.

ಜಪಾನಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ನಡೆದೇ ಹೋಗುತ್ತಾರೆ. ಅನೇಕ ಕಡೆ ನೆರೆಹೊರೆಯ ಮಕ್ಕಳು ಒಂದೆಡೆ ಸೇರಿ, ಹಿರಿಯ ತರಗತಿಯವರ ನೇತೃತ್ವದಲ್ಲಿ, ಮೊದಲೇ ಗೊತ್ತುಪಡಿಸಿದ ದಾರಿಯಲ್ಲಿ ಸಾಲಾಗಿ ಸಾಗುತ್ತಾರೆ. ಟೋಕಿಯೊ ಬಳಿಯ ಯಾಚಿಮಾತಾ ನಗರಿಯಲ್ಲಿ 2021ರ ಜೂನ್‌ನಲ್ಲಿ ಲಾರಿಯೊಂದು ಮಕ್ಕಳ ಸಾಲಿಗೆ ನುಗ್ಗಿ ಇಬ್ಬರು ಮೃತಪಟ್ಟಾಗ ಅಲ್ಲಿನ ಸರ್ಕಾರ ನಡಿಗೆ ನಿಲ್ಲಿಸಿ ಎನ್ನಲಿಲ್ಲ. ದೇಶಾದ್ಯಂತ ಶಾಲಾ ಮಾರ್ಗಗಳ ತಪಾಸಣೆ ನಡೆಸಿ 70 ಸಾವಿರಕ್ಕೂ ಹೆಚ್ಚು ಅಪಾಯಕಾರಿ ಸ್ಥಳಗಳನ್ನು ಗುರುತಿಸಿ ಸರಿಪಡಿಸಲು ಮುಂದಾಯಿತು. ಮಗುವನ್ನು ರಸ್ತೆಯಿಂದ ತೆಗೆಯುವ ಬದಲು ಅಪಾಯವನ್ನು ರಸ್ತೆಯಿಂದ ತೆಗೆಯುವ ಕ್ರಮ ಇದು.

ಇಟಲಿಯ ಬೋಲ್ಜಾನೊ ನಗರ 1989ರಲ್ಲಿ ಶಾಲೆ ಆರಂಭವಾಗುವ ಹಾಗೂ ಬಿಡುವ ವೇಳೆಯಲ್ಲಿ ಶಾಲೆಯ ಮುಂದಿನ ಬೀದಿಗೆ ವಾಹನ ಪ್ರವೇಶವನ್ನು ಅಲ್ಪಕಾಲ ನಿರ್ಬಂಧಿಸುವ ಪದ್ಧತಿ ಆರಂಭಿಸಿತು. ಶಾಲಾ ಬೀದಿ ಎಂದು ಕರೆಯಲಾಗುವ ಈ ಕ್ರಮ ಈಗ ಲಂಡನ್, ಪ್ಯಾರಿಸ್‌ಗಳಲ್ಲಿ ನೂರಾರು ಶಾಲೆಗಳ ಮುಂದೆ ಜಾರಿಯಲ್ಲಿದೆ. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ 1990ರ ದಶಕದ ಆರಂಭದಲ್ಲಿ ಪ್ರಚಾರಕ್ಕೆ ತಂದ ನಡಿಗೆ ಬಸ್ ಎಂಬ ಕಲ್ಪನೆ ಬ್ರಿಟನ್ ಸೇರಿದಂತೆ ಹಲವು ದೇಶಗಳಿಗೆ ಹಬ್ಬಿತು. ಕೊಲಂಬಿಯಾದ ಬೊಗೊಟಾದಲ್ಲಿ ಇದೇ ಬಗೆಯ ಮಕ್ಕಳ ಸಾಲಿಗೆ ಶತಪದಿ ಎಂಬ ಅರ್ಥದ ಹೆಸರಿದೆ. ಬೊಗೊಟಾ ಶ್ರೀಮಂತ ನಗರವಲ್ಲ. ಹಣವಿದ್ದರೆ ಮಾತ್ರ ಇಂತಹ ಕೆಲಸ ಸಾಧ್ಯವೆಂಬ ವಾದಕ್ಕೆ ಅದೇ ಉತ್ತರ.

ಸೈಕಲ್ ಮತ್ತು ಬಸ್: ನಮ್ಮ ನೆಲದ ಅನುಭವ

ಪಾಠ ಕಲಿಯಲು ಹೊರದೇಶಕ್ಕೇ ಹೋಗಬೇಕಿಲ್ಲ. ಬಿಹಾರ ಸರ್ಕಾರ 2006ರಲ್ಲಿ ಪ್ರೌಢಶಾಲೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ನೀಡುವ ಯೋಜನೆ ಆರಂಭಿಸಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇದರಿಂದ ಪ್ರೌಢಶಾಲೆಗೆ ಸೇರುವ ಸೂಕ್ತ ವಯಸ್ಸಿನ ಹುಡುಗಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿತು. ಹುಡುಗ, ಹುಡುಗಿಯರ ನಡುವಿನ ದಾಖಲಾತಿ ಅಂತರ ಶೇ 40ರಷ್ಟು ತಗ್ಗಿತು. ಸೈಕಲ್ ಒಂದು ಸಾಗಣೆಯ ಸಾಧನವಷ್ಟೇ ಆಗಿರದೆ ಶಾಲೆಯ ಬಾಗಿಲನ್ನೇ ತೆರೆಯಬಲ್ಲುದೆಂಬುದು ಅಲ್ಲಿ ಸಾಬೀತಾಯಿತು.

ಕರ್ನಾಟಕದಲ್ಲೂ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಣೆ ಆರಂಭವಾಯಿತು. ಸರ್ಕಾರಿ ಹಾಗೂ ಅನುದಾನಿತ ಪ್ರೌಢಶಾಲೆಗಳ ಲಕ್ಷಾಂತರ ಮಕ್ಕಳು ಅದರ ಪ್ರಯೋಜನ ಪಡೆದರು. ಹಳ್ಳಿಗಳ ರಸ್ತೆಗಳಲ್ಲಿ ಸಮವಸ್ತ್ರ ತೊಟ್ಟ ಹುಡುಗಿಯರು ಸೈಕಲ್ ತುಳಿದು ಹೋಗುವ ದೃಶ್ಯ ಒಂದು ಕಾಲಘಟ್ಟದ ಚಿತ್ರವಾಯಿತು. ಕೋವಿಡ್ ಕಾರಣದಿಂದ 2020ರಲ್ಲಿ ಈ ವಿತರಣೆಗೆ ತಡೆ ಬಿತ್ತು.

ಬಸ್ಸಿನ ವಿಷಯದಲ್ಲಿ ರಾಜ್ಯಕ್ಕೆ ಗಟ್ಟಿ ತಳಹದಿಯಿದೆ. ನಾಲ್ಕು ಸಾರಿಗೆ ನಿಗಮಗಳು ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ನೀಡುತ್ತಾ ಬಂದಿವೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರೂ ವಿದ್ಯಾರ್ಥಿನಿಯರೂ ಐಷಾರಾಮಿಯಲ್ಲದ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು. ಟಿಕೆಟ್ ದರದ ಅಡ್ಡಿ ಹೀಗೆ ಬಹುಮಟ್ಟಿಗೆ ನಿವಾರಣೆಯಾಗಿದೆ. ಉಳಿದಿರುವುದು ಸಮಯ ಮತ್ತು ಸ್ಥಳದ ಅಡ್ಡಿ. ಶಾಲೆಯ ವೇಳೆಗೆ ಹೊಂದುವಂತೆ ಬಸ್ ಬರಬೇಕು, ಅದರಲ್ಲಿ ಕಾಲಿಡಲು ಜಾಗವಿರಬೇಕು, ಇಳಿದ ಮೇಲೆ ಶಾಲೆಯವರೆಗೆ ನಡೆಯಲು ದಾರಿಯಿರಬೇಕು.

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಸಾರ್ವಜನಿಕ ಸೈಕಲ್ ವ್ಯವಸ್ಥೆಯೂ ರಾಜ್ಯದ ನಗರಗಳು ಹೊಸ ದಾರಿ ತುಳಿಯಬಲ್ಲವೆಂಬುದನ್ನು ತೋರಿಸಿಕೊಟ್ಟ ಪ್ರಯೋಗ.

ಕಾನೂನು ಏನು ಹೇಳುತ್ತದೆ?

ದೆಹಲಿಯ ವಜೀರಾಬಾದ್ ಬಳಿ 1997ರ ನವೆಂಬರ್‌ನಲ್ಲಿ ಶಾಲಾ ಬಸ್ಸೊಂದು ಯಮುನಾ ನದಿಗೆ ಉರುಳಿ 28 ಮಕ್ಕಳು ಜಲಸಮಾಧಿಯಾದರು. ಅದೇ ವರ್ಷ ಸುಪ್ರೀಂ ಕೋರ್ಟ್ ಶಾಲಾ ಬಸ್ಸುಗಳ ಸುರಕ್ಷತೆ ಕುರಿತು ನಿರ್ದೇಶನಗಳನ್ನು ನೀಡಿತು. ವೇಗ ನಿಯಂತ್ರಕ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಮಕ್ಕಳನ್ನು ನೋಡಿಕೊಳ್ಳುವ ಸಹಾಯಕರು, ಅನುಭವಿ ಚಾಲಕರು, ಹೀಗೆ ಇಂದು ಸಾಮಾನ್ಯವೆನಿಸಿರುವ ಅನೇಕ ನಿಯಮಗಳ ಬೇರು ಅಲ್ಲಿದೆ. ಶಾಲಾ ಮಕ್ಕಳನ್ನು ಸಾಗಿಸುವ ವಾಹನಗಳಿಗೆ ಸಂಬಂಧಿಸಿ ಕರ್ನಾಟಕವೂ 2012ರಲ್ಲಿ ಪ್ರತ್ಯೇಕ ನಿಯಮಾವಳಿ ರೂಪಿಸಿತು. ಹಂಚಿಕೊಂಡ ಆಟೋ ಅಥವಾ ವ್ಯಾನ್ ಸುಸ್ಥಿರ ಮಾರ್ಗವೇ ಹೌದು. ಆದರೆ ಮಿತಿಮೀರಿ ಮಕ್ಕಳನ್ನು ತುಂಬಿದ ವಾಹನವನ್ನು ಆ ಹೆಸರಿನಿಂದ ಸಮರ್ಥಿಸಲಾಗದು.

ಹದಿನೆಂಟು ತುಂಬದ ಮಕ್ಕಳ ಕೈಗೆ ಗೇರ್ ಬೈಕ್ ಕೊಟ್ಟು ಶಾಲೆಗೆ, ಕಾಲೇಜಿಗೆ ಕಳುಹಿಸುವ ಪೋಷಕರೂ ಇದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷಗಳವರೆಗೆ ಜೈಲು ಶಿಕ್ಷೆ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ, ಆ ಮಗು 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿಗೆ ಅನರ್ಹವಾಗುತ್ತದೆ. ನಾಲ್ಕು ವರ್ಷ ಮೀರಿದ ಮಗು ದ್ವಿಚಕ್ರ ವಾಹನದಲ್ಲಿ ಕುಳಿತರೆ ಹೆಲ್ಮೆಟ್ ಕಡ್ಡಾಯ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸುರಕ್ಷತಾ ಪಟ್ಟಿ, ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ವೇಗಮಿತಿ ಎಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ.

ಪಾದಚಾರಿಗಳ ಪರವಾಗಿಯೂ ಕಾನೂನಿನ ದನಿ ಗಟ್ಟಿಯಾಗುತ್ತಿದೆ. ಪಾದಚಾರಿ ಮಾರ್ಗದ ಹಕ್ಕು ಸಂವಿಧಾನದ 21ನೇ ವಿಧಿಯಡಿ ಬರುವ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿತು. ಪಾದಚಾರಿ ಮಾರ್ಗಕ್ಕೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲೇ ಹೇಳಿತ್ತು. ಟ್ರಾನ್ಸ್‌ಫಾರ್ಮರ್, ಕಸದ ರಾಶಿ, ನಿಲ್ಲಿಸಿದ ಬೈಕುಗಳನ್ನು ಕಳೆದರೆ ನಮ್ಮ ಶಾಲೆಗಳ ಮುಂದೆ ಎಷ್ಟು ಅಗಲ ಉಳಿದಿದೆಯೆಂಬುದನ್ನು ಪೋಷಕರೇ ಒಂದು ಟೇಪು ಹಿಡಿದು ಅಳೆದು ನೋಡಬಹುದು.

ಶಾಲೆ ಏನು ಮಾಡಬಹುದು?

ಮೊದಲ ಹೆಜ್ಜೆ ಎಣಿಕೆ. ಒಂದು ದಿನ ಬೆಳಿಗ್ಗೆ ಪ್ರತಿ ತರಗತಿಯಲ್ಲಿ ಕೈ ಎತ್ತಿಸಿ ಯಾರು ನಡೆದು ಬಂದರು, ಯಾರು ಸೈಕಲ್, ಬಸ್, ವ್ಯಾನ್, ಸ್ಕೂಟರ್, ಕಾರಿನಲ್ಲಿ ಬಂದರು ಎಂದು ಬರೆದುಕೊಂಡರೆ ಹತ್ತು ನಿಮಿಷದಲ್ಲಿ ಶಾಲೆಯ ಚಿತ್ರ ಸಿಗುತ್ತದೆ. ಗಣಿತದ ತರಗತಿಯಲ್ಲಿ ಮಕ್ಕಳೇ ಅದರ ನಕ್ಷೆ ಬಿಡಿಸಬಹುದು. ಎರಡನೆಯದು ದಾರಿಯ ಭೂಪಟ. ಮಕ್ಕಳ ಮನೆಗಳನ್ನು ಗುರುತಿಸಿ, ಒಂದೇ ದಿಕ್ಕಿನಿಂದ ಬರುವವರ ಗುಂಪು ಮಾಡಿದರೆ ಯಾರು ಒಟ್ಟಿಗೆ ನಡೆಯಬಹುದು, ಯಾರು ಒಂದೇ ವಾಹನ ಹಂಚಿಕೊಳ್ಳಬಹುದು ಎಂಬುದು ತಾನಾಗಿ ತಿಳಿಯುತ್ತದೆ. ದಾರಿಯಲ್ಲಿನ ಅಪಾಯದ ತಾಣಗಳನ್ನೂ ಅದರಲ್ಲೇ ಗುರುತಿಸಬೇಕು.

ಮೂರನೆಯದು ನಡಿಗೆ ಬಸ್. ನಿಗದಿತ ದಾರಿ, ನಿಗದಿತ ನಿಲ್ದಾಣ, ನಿಗದಿತ ಸಮಯ ಇದರ ಮೂಲಸೂತ್ರ. ಮುಂದೆ ಒಬ್ಬ ಹಿರಿಯರು ಚಾಲಕರಂತೆ, ಹಿಂದೆ ಇನ್ನೊಬ್ಬರು ಕಂಡಕ್ಟರ್‌ನಂತೆ ಸಾಗುತ್ತಾರೆ. ದಾರಿಯುದ್ದಕ್ಕೂ ಮಕ್ಕಳು ಸೇರಿಕೊಳ್ಳುತ್ತಾ ಹೋಗುತ್ತಾರೆ. ಹತ್ತು ಕುಟುಂಬಗಳು ಸರದಿ ಹಂಚಿಕೊಂಡರೆ, ಇಬ್ಬರಂತೆ, ಪ್ರತಿ ಕುಟುಂಬಕ್ಕೆ ವಾರದಲ್ಲಿ ಒಂದು ಬೆಳಗಿನ ಕೆಲಸ ಮಾತ್ರ. ನಿವೃತ್ತ ಅಜ್ಜ ಅಜ್ಜಿಯರು ಇದಕ್ಕೆ ಅತ್ಯಂತ ಯೋಗ್ಯ ಸ್ವಯಂಸೇವಕರು. ಹೆಣ್ಣುಮಕ್ಕಳ ಸುರಕ್ಷತೆಯ ಚಿಂತೆಗೂ ಬೀದಿನಾಯಿಗಳ ಭಯಕ್ಕೂ ಗುಂಪಿನ ನಡಿಗೆ ತಕ್ಕಮಟ್ಟಿನ ಪರಿಹಾರ.

ದೂರದಿಂದ ಬರುವವರಿಗೆ ನಾಲ್ಕನೆಯ ಉಪಾಯವಿದೆ. ಗೇಟಿನಿಂದ 300, 400 ಮೀಟರ್ ದೂರದಲ್ಲಿ, ಮೈದಾನ, ದೇವಸ್ಥಾನದ ಆವರಣ ಅಥವಾ ಸಮುದಾಯ ಭವನದ ಬಳಿ ಇಳಿಸುವ ತಾಣವೊಂದನ್ನು ಗುರುತಿಸಿ, ಅಲ್ಲಿಂದ ಮಕ್ಕಳು ಶಿಕ್ಷಕರೊಂದಿಗೆ ನಡೆದು ಬರುವ ವ್ಯವಸ್ಥೆ ಮಾಡಬಹುದು. ಗೇಟಿನ ಮುಂದಿನ ನೂಕುನುಗ್ಗಲು ಇದರಿಂದಲೇ ಅರ್ಧ ಕರಗುತ್ತದೆ. ತರಗತಿಗಳ ಆರಂಭದ ವೇಳೆಯಲ್ಲಿ ಹದಿನೈದು ನಿಮಿಷಗಳ ಅಂತರವಿಟ್ಟರೂ ಪ್ರಯೋಜನವಿದೆ.

ಬ್ಯಾಗಿನ ಭಾರವನ್ನು ಮರೆಯುವಂತಿಲ್ಲ. ಹೆಗಲ ಮೇಲೆ ಏಳೆಂಟು ಕಿಲೋ ಹೊತ್ತ ಮಗು ನಡೆಯಲು ಒಪ್ಪದಿರುವುದು ಸಹಜ. ರಾಜ್ಯ ಸರ್ಕಾರ 2019ರಲ್ಲಿ ಹೊರಡಿಸಿದ ಸುತ್ತೋಲೆಯಂತೆ ಒಂದು, ಎರಡನೇ ತರಗತಿಗೆ ಗರಿಷ್ಠ ಎರಡು ಕಿಲೋ, ಮೂರರಿಂದ ಐದಕ್ಕೆ ಮೂರು ಕಿಲೋ, ಆರರಿಂದ ಎಂಟಕ್ಕೆ ನಾಲ್ಕು ಕಿಲೋ, ಒಂಬತ್ತು, ಹತ್ತಕ್ಕೆ ಐದು ಕಿಲೋ ಮಿತಿ. ತಿಂಗಳ ಮೂರನೇ ಶನಿವಾರ ಬ್ಯಾಗ್ ರಹಿತ ದಿನವೆಂದೂ ಅದರಲ್ಲಿ ಹೇಳಲಾಗಿತ್ತು. ಶಾಲೆಗಳು ಅದೇ ಶನಿವಾರವನ್ನು ನಡಿಗೆಯ ದಿನವನ್ನಾಗಿ ಮಾಡಿಕೊಂಡರೆ ಆರಂಭಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಸೈಕಲ್ ನಿಲ್ಲಿಸಲು ನೆರಳಿನ ಜಾಗ, ಬೀಗ ಹಾಕಲು ಕಂಬಿ, ಗಾಳಿ ಹಾಕಲು ಒಂದು ಪಂಪು, ಮಳೆಗಾಲಕ್ಕೆ ರೇನ್‌ಕೋಟ್ ಒಣಹಾಕಲು ಒಂದು ಹಗ್ಗ, ಇವು ದುಬಾರಿ ಸೌಲಭ್ಯಗಳೇನಲ್ಲ.

ಪೋಷಕರ ಪಾಲು

ಎಲ್ಲವನ್ನೂ ಒಂದೇ ದಿನ ಬದಲಿಸಬೇಕಿಲ್ಲ. ವಾರಕ್ಕೆ ಒಂದು ದಿನದ ನಡಿಗೆಯಿಂದ ಆರಂಭಿಸಬಹುದು. ಶಾಲೆ ಆರಂಭವಾಗುವ ಮುನ್ನ ರಜೆಯ ದಿನವೊಂದರಲ್ಲಿ ಮಗುವಿನೊಂದಿಗೆ ಆ ದಾರಿಯಲ್ಲಿ ನಡೆದು, ಎಲ್ಲಿ ದಾಟಬೇಕು, ಎಲ್ಲಿ ನಿಲ್ಲಬೇಕು ಎಂದು ತೋರಿಸಿಕೊಡಬೇಕು. ಸುಮಾರು ಹತ್ತು ವರ್ಷದೊಳಗಿನ ಮಕ್ಕಳಿಗೆ ಎದುರಿನಿಂದ ಬರುವ ವಾಹನದ ವೇಗವನ್ನು ಸರಿಯಾಗಿ ಅಂದಾಜಿಸುವುದು ಕಷ್ಟ. ಆದ್ದರಿಂದ ಆ ವಯಸ್ಸಿನವರೆಗೆ ದೊಡ್ಡವರ ಜೊತೆ, ಆ ಬಳಿಕ ಗೆಳೆಯರ ಜೊತೆ, ಕೊನೆಗೆ ಸ್ವತಂತ್ರವಾಗಿ, ಹೀಗೆ ಹಂತಹಂತವಾಗಿ ಬಿಡುವುದು ವಿವೇಕ. ದಾರಿಯಲ್ಲಿ ತೊಂದರೆಯಾದರೆ ಯಾವ ಅಂಗಡಿಗೆ, ಯಾರ ಮನೆಗೆ ಹೋಗಬೇಕೆಂಬುದು ಮಗುವಿಗೆ ತಿಳಿದಿರಬೇಕು. ಮಕ್ಕಳ ಸಹಾಯವಾಣಿ 1098 ಅದಕ್ಕೆ ಬಾಯಿಪಾಠವಾಗಿರಬೇಕು.

ಕಾರು ಅನಿವಾರ್ಯವಾದರೆ ಅದರಲ್ಲಿ ನೆರೆಮನೆಯ ಮಕ್ಕಳಿಗೂ ಜಾಗ ಕೊಡಬಹುದು. ಮೂರು ಕುಟುಂಬಗಳು ಒಂದು ಕಾರನ್ನು ಸರದಿಯಂತೆ ಬಳಸಿದರೆ ಎರಡು ಕಾರುಗಳು ರಸ್ತೆಯಿಂದ ಮಾಯ, ಮೂರೂ ಮನೆಗಳ ಖರ್ಚು ಮೂರನೇ ಒಂದು ಭಾಗ.

ಆಡಳಿತದ ಹೊಣೆ

ಪೋಷಕರ ಹಾಗೂ ಶಾಲೆಗಳ ಉತ್ಸಾಹ ಎಷ್ಟೇ ಇದ್ದರೂ ರಸ್ತೆ ಅವರ ಕೈಯಲ್ಲಿಲ್ಲ. ವಾಹನಗಳ ಸರಾಸರಿ ವೇಗ ಶೇ 1ರಷ್ಟು ಹೆಚ್ಚಿದರೆ ಮಾರಣಾಂತಿಕ ಅಪಘಾತದ ಸಂಭವ ಶೇ 4ರಷ್ಟು ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಕರೆ ನೀಡಿತು. ಶಾಲೆಯ ಸುತ್ತಲ ಬೀದಿಗಳಲ್ಲಿ ಈ ವೇಗಮಿತಿ, ಎತ್ತರಿಸಿದ ದಾಟುಪಟ್ಟಿ, ಬೀದಿದೀಪ, ಮುಚ್ಚಿದ ಚರಂಡಿ, ಅಗಲವಾದ ಪಾದಚಾರಿ ಮಾರ್ಗ ಇವು ಕನಿಷ್ಠ ಅಗತ್ಯಗಳು. ಇವು ಮೇಲ್ಸೇತುವೆಯಷ್ಟು ವೆಚ್ಚ ಬೇಡುವ ಕಾಮಗಾರಿಗಳಲ್ಲ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಬದಲಿಗೆ ಐದು ನಗರ ಪಾಲಿಕೆಗಳು ರಚನೆಯಾಗಿವೆ. ಪ್ರತಿ ವಾರ್ಡಿನಲ್ಲಿ ಒಂದು ಸರ್ಕಾರಿ ಶಾಲೆಯ ಸುತ್ತಲಿನ 500 ಮೀಟರ್ ದಾರಿಯನ್ನು ಸರಿಪಡಿಸುವುದರಿಂದ ಅವು ಕೆಲಸ ಆರಂಭಿಸಬಹುದು. ಸರ್ಕಾರಿ ಶಾಲೆಯಿಂದಲೇ ಏಕೆಂದರೆ ನಡೆಯುವ ಮಕ್ಕಳು ಹೆಚ್ಚಾಗಿರುವುದು ಅಲ್ಲೇ.

ಮಕ್ಕಳು ಕಡಿಮೆಯಿರುವ ಊರಿನ ಶಾಲೆಯನ್ನು ದೂರದ ಶಾಲೆಯೊಂದಿಗೆ ಸೇರಿಸುವ ಮುನ್ನ ಶಿಕ್ಷಣ ಇಲಾಖೆಯೂ ದಾರಿಯ ಲೆಕ್ಕ ಹಾಕಬೇಕು. ಹತ್ತಿರದಲ್ಲಿ ಶಾಲೆಯಿಲ್ಲದ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಸಾರಿಗೆ ಭತ್ಯೆಗೆ ಅವಕಾಶವಿದೆ. ಆದರೆ ಭತ್ಯೆಯ ಹಣ ಕಾಲುಸಂಕಕ್ಕೆ ಕೈಪಿಡಿಯಾಗುವುದಿಲ್ಲ, ಬಾರದ ಬಸ್ಸನ್ನು ತರುವುದೂ ಇಲ್ಲ.

ಒಂದು ಊರು ಮಕ್ಕಳಿಗೆ ಎಷ್ಟು ಸುರಕ್ಷಿತವೆಂಬುದನ್ನು ಅಳೆಯಲು ದೊಡ್ಡ ಅಧ್ಯಯನವೇನೂ ಬೇಕಿಲ್ಲ. ಶಾಲೆ ಬಿಡುವ ವೇಳೆಗೆ ಗೇಟಿನ ಬಳಿ ನಿಂತು ನೋಡಿದರೆ ಸಾಕು. ಎಷ್ಟು ಮಕ್ಕಳು ಗೆಳೆಯರ ಹೆಗಲ ಮೇಲೆ ಕೈಹಾಕಿ ಹರಟುತ್ತಾ ಮನೆಯತ್ತ ನಡೆಯುತ್ತಾರೆ, ಎಷ್ಟು ಮಂದಿ ಕಾರಿನ ಬಾಗಿಲಿನೊಳಗೆ ಮರೆಯಾಗುತ್ತಾರೆ ಎಂಬುದೇ ಅದಕ್ಕೆ ಉತ್ತರ. ಮುಂದಿನ ಶೈಕ್ಷಣಿಕ ವರ್ಷದ ಮೊದಲ ದಿನ ಮೊದಲನೆಯವರ ಸಂಖ್ಯೆ ಕೊಂಚವಾದರೂ ಹೆಚ್ಚಿದ್ದರೆ, ಶಾಲೆ, ಪೋಷಕರು ಮತ್ತು ಪಾಲಿಕೆ ಮೂವರೂ ತಮ್ಮ ಪಾಲಿನ ಕೆಲಸ ಆರಂಭಿಸಿದ್ದಾರೆಂದು ತಿಳಿಯಬಹುದು.